ಹೊಸ ಮಾದರಿಯ ನೊಣ: ಮೊದಲು ಎಷ್ಟು ಕಟ್ಟಬೇಕು?

ನಮ್ಮ ಬೆಳೆಗಾರ ಮಿತ್ರರಲ್ಲಿ ಗಾಳ ಹಾಕುವ ಹವ್ಯಾಸವುಳ್ಳವರು ಕೆಲವರಿದ್ದಾರೆ. ಎರೆಹುಳುವಿನ ಬದಲು ಕೊಕ್ಕೆಗೆ ಗರಿ, ನೂಲು ಸುತ್ತಿ, ನೊಣದಂತೆ ಮಾಡಿ ಮೀನನ್ನು ಸೆಳೆಯುವ ಪದ್ಧತಿಯನ್ನು ಅವರು ಬಲ್ಲರು. ಮಳೆಗಾಲದ ಬಿಡುವಿನಲ್ಲಿ ನಾವೂ ಇದಕ್ಕೆ ಕೈಹಾಕಿದೆವು. ಅಲ್ಲಿ ಕಲಿತದ್ದು ತೋಟಕ್ಕೂ ಉಪಯೋಗವಾದುದರಿಂದ ಓದುಗರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಹೊಸ ಮಾದರಿಯೊಂದರ ಚಿತ್ರ ನೋಡಿದೊಡನೆ ನಮಗೆ ಉತ್ಸಾಹ ತಡೆಯಲಾಗಲಿಲ್ಲ. ಒಂದೇ ವಾರದಲ್ಲಿ 24 ನೊಣ ಕಟ್ಟಿದೆವು. ಗರಿ ಮನೆಯ ಹೇಂಟೆಯದು. ತೋಟದ ಕೆರೆಯಲ್ಲಿ ಜಿಲೇಬಿ ಮೀನಿಗೆಂದು ಹೋದಾಗ ಎರಡು ದೋಷ ಹೊರಬಿದ್ದವು. ಕೊಕ್ಕೆಯ ಕಣ್ಣಿನವರೆಗೂ ನೂಲು ಸುತ್ತಿದ್ದರಿಂದ ದಾರ ಪೋಣಿಸಲು ತೂತೇ ಉಳಿದಿರಲಿಲ್ಲ. ಸೂಜಿಯಿಂದ ಬಿಡಿಸಿ ಎಸೆದರೆ, ತೇಲಬೇಕಾದ ನೊಣ ಮುಳುಗಿತು. ಹೇಂಟೆಯ ಗರಿ ಮೃದು, ನೀರು ಹೀರುತ್ತದೆ. ತೇಲುವ ನೊಣಕ್ಕೆ ಹುಂಜದ ಕುತ್ತಿಗೆಯ ಬಿರುಸಾದ ಗರಿ ಬೇಕು. ಮೊದಲನೆಯದರಲ್ಲಿದ್ದ ತಪ್ಪು 24ರಲ್ಲೂ ಇತ್ತು.

ಬುದ್ಧಿ ಬಂತೆಂದು ಮುಂದಿನ ಸಲ ಒಂದನ್ನೇ ಕಟ್ಟಿದೆವು. ಮೂರನೆಯ ಎಸೆತಕ್ಕೆ ಅದು ದಡದ ಹಾಲುವಾಣದ ಕೊಂಬೆಗೆ ಸಿಕ್ಕಿಕೊಂಡಿತು. ಆ ನೊಣ ಒಳ್ಳೆಯದೋ ಕೆಟ್ಟದ್ದೋ ತಿಳಿಯಲೇ ಇಲ್ಲ.

ಈಗ ನಮ್ಮ ಲೆಕ್ಕ ಆರು. ಮೊದಲ ಎರಡು ಕೈ ಪಳಗುವುದಕ್ಕೆ. ಬ್ಲೇಡಿನಿಂದ ಕೆರೆದು ಕೊಕ್ಕೆಯನ್ನು ಮತ್ತೆ ಉಪಯೋಗಿಸಬಹುದು. ಉಳಿದ ನಾಲ್ಕರಲ್ಲಿ ಒಂದು ಮಾದರಿಯಾಗಿ ಡಬ್ಬಿಯಲ್ಲಿರಬೇಕು. ಎರಡು ನಮ್ಮ ಗಾಳಕ್ಕೆ, ಅದರಲ್ಲಿ ಒಂದು ಕೊಂಬೆಯ ಪಾಲು ಎಂದಿಟ್ಟುಕೊಳ್ಳಿ. ಕೊನೆಯದನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಬಿಸಿಲು, ಮೋಡ, ತಿಳಿನೀರು, ಕೆನ್ನೀರು ಎಲ್ಲದರಲ್ಲೂ ನೋಡಿದ ಮೇಲೆ ಡಜನ್ನಿನ ಮಾತು.

ಇನ್ನೊಬ್ಬರ ಕೈ ಏಕೆಂದರೆ, ಕಟ್ಟಿದವನಿಗೆ ತನ್ನ ನೊಣದ ಮೇಲೆ ಮಮತೆ ಹೆಚ್ಚು. ಅಮೆರಿಕದ ಮಿಶಿಗನ್ ರಾಜ್ಯದ ಲೆನ್ ಹ್ಯಾಲಡೇ ಎಂಬವರು 1922ರಲ್ಲಿ ಬೂದು ಮೈಯ ಹೊಸ ನೊಣವೊಂದನ್ನು ಕಟ್ಟಿ ಚಾರ್ಲ್ಸ್ ಆಡಮ್ಸ್ ಅವರಿಗೆ ಕೊಟ್ಟರು. ಆಡಮ್ಸ್ ಅದನ್ನು ಬೋರ್ಡ್‌ಮನ್ ನದಿಯಲ್ಲಿ ಪರೀಕ್ಷಿಸಿ ಮೆಚ್ಚಿದರು. ಇಂದಿಗೂ ಟ್ರೌಟ್ ಹಿಡಿಯುವವರ ಡಬ್ಬಿಯಲ್ಲಿರುವ ಆ ನೊಣಕ್ಕೆ ಕಟ್ಟಿದವರ ಹೆಸರಿಲ್ಲ, ಪರೀಕ್ಷಿಸಿದವರ ಹೆಸರಿದೆ.

ಸಾಮಗ್ರಿ ಮತ್ತೆ ಸಿಗುವುದೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಅವರ ಹೆಸರಾಂತ ನೊಣವೊಂದಕ್ಕೆ ಚಾಡ್‌ವಿಕ್ 477 ಎಂಬ ಹೊಲಿಗೆಯ ಉಣ್ಣೆ ನೂಲು ಬೇಕಿತ್ತು. ಅದರ ತಯಾರಿಕೆ ನಿಂತಮೇಲೆ ಜನ ಬದಲಿ ನೂಲಿಗಾಗಿ ಅಲೆಯಬೇಕಾಯಿತು.

ಇನ್ನು ತೋಟದ ವಿಷಯ. ಹೊಸ ತಳಿಯ ಕಾಫಿ ಗಿಡಗಳನ್ನು ನರ್ಸರಿಯಲ್ಲಿ ಕಂಡು ಒಂದು ಎಕರೆ ಪೂರ್ತಿ ಹಾಕಿಬಿಡೋಣವೆಂದು ನಾವು ಹೊರಟಾಗ ಮನೆಯವರು ಕೇಳಿದ್ದು ಒಂದೇ ಮಾತು: “ಆ ಎರಡು ಡಜನ್ ನೊಣ ಎಲ್ಲಿವೆ?” ನಾವು 60 ಗಿಡ ಮಾತ್ರ ತಂದೆವು. ಇಳಿಜಾರಿನಲ್ಲಿ 20, ತಗ್ಗಿನಲ್ಲಿ 20, ನೆರಳು ಕಡಿಮೆಯಿರುವಲ್ಲಿ 20 ನೆಟ್ಟೆವು. ಮೂರು ವರ್ಷವಾಯಿತು. ತಗ್ಗಿನ ಗಿಡಗಳಿಗೆ ಎಲೆ ತುಕ್ಕು ಬಂದಿದೆ, ಇಳಿಜಾರಿನವು ಸೊಂಪಾಗಿವೆ. ಇನ್ನೆರಡು ಫಸಲು ನೋಡುವವರೆಗೆ ಹೆಚ್ಚಿಸುವುದಿಲ್ಲ.

ನಮ್ಮ ಸೀಮೆಯ ಕೆಂಟ್ಸ್ ತಳಿಯೂ 1911ರಲ್ಲಿ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ಒಂದು ಗಿಡದಿಂದಲೇ ಬಂದದ್ದು. ತುಕ್ಕು ತಾಗದೆಂದು ಎಲ್ಲೆಡೆ ಹಬ್ಬಿದ ಆ ತಳಿಗೂ ಮುಂದೆ ಹೊಸ ಬಗೆಯ ತುಕ್ಕು ತಗುಲಿತು. ಆದುದರಿಂದ ತಳಿ ಗೆದ್ದ ಮೇಲೂ ಪೂರ್ತಿ ತೋಟವನ್ನು ಒಂದಕ್ಕೇ ಒಪ್ಪಿಸುವುದು ಬೇಡ.

ಕೊಕ್ಕೆಯ ಮೇಲಿನ ತಪ್ಪನ್ನು ಬ್ಲೇಡಿನಿಂದ ಕೆರೆದು ತೆಗೆಯಬಹುದು. ಎಕರೆಗಟ್ಟಲೆ ನೆಟ್ಟ ತಪ್ಪನ್ನು ಕೀಳಲು ಹೋದರೆ ಕೂಲಿಯ ಜೊತೆಗೆ ಆಯುಷ್ಯದ ನಾಲ್ಕೈದು ವರ್ಷವನ್ನೂ ತೆರಬೇಕಾಗುತ್ತದೆ.