ಮೇಲ್‌ನಲ್ಲಿ ಬರುವ ಪಾಠಾಂತರ: ಗಡಿಭಾಗದ ಹಾಡುಗಳಿಗೆ ಗಿಟೀ ಮತ್ತು ಮೇಲ್ ಸರ್ವರ್ ಜೋಡಣೆ

ಸಾಹಿತ್ಯದ ವಿದ್ಯಾರ್ಥಿಗೆ ಸರ್ವರ್ ಗೊಡವೆ ಯಾಕೆ ಅಂತ ಕೇಳಬಹುದು. ಉದಗೀರ, ನಿಲಂಗಾ ತಾಲೂಕುಗಳು 1956ರ ತನಕ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಹೋದವು, ಈಗ ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಧಾರಾಶಿವ ಜಿಲ್ಲೆಯದು. ಇಲ್ಲಿಯ ಕನ್ನಡ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಬಹುಮಟ್ಟಿಗೆ ಮರಾಠಿ. ಹಾಗಾಗಿ ಕನ್ನಡ ಬರೀಬೇಕಾದ್ರೂ ಎಷ್ಟೋ ಜನರ ಕೈಗೆ ಬರೋದು ಬಾಳಬೋಧ ಲಿಪಿ.

ಇಲ್ಲಿಯ ಬೀಸುವ ಪದಗಳನ್ನು ಸಂಗ್ರಹಿಸಿ ಸಂಪಾದಿಸ್ತೀವಿ ಅಂತಿಟ್ಟುಕೊಳ್ಳಿ. ಪ್ರತಿ ಹಾಡೂ ಒಂದು ಕಡತ. ಯಾರು, ಯಾವಾಗ, ಯಾವ ಅಕ್ಷರ ತಿದ್ದಿದರು ಅನ್ನೋದನ್ನೆಲ್ಲ ಗಿಟ್ ಉಳಿಸಿಕೊಳ್ಳುತ್ತೆ, ಗ್ರಂಥಸಂಪಾದನೆಯಲ್ಲಿ ಅಡಿಗೆ ಕೊಡುವ ಪಾಠಾಂತರಗಳ ಹಾಗೆ. ಆ ಭಂಡಾರವನ್ನು ನಮ್ಮದೇ ಯಂತ್ರದಲ್ಲಿ ನಡೆಸಲು ಗಿಟೀ ಎಂಬ ಮುಕ್ತ ತಂತ್ರಾಂಶ ಇದೆ. ತೊಂದರೆ ಏನಂದ್ರೆ, ಲಾಗಿನ್ ಆಗಿ ತಿದ್ದುವವರು ನಮ್ಮಂಥವರೇ. 'ಹೋಗ್ಯಾಳ' ಕಂಡಕೂಡಲೇ ಯಾರೋ ಒಬ್ಬರು 'ಹೋಗಿದ್ದಾಳೆ' ಮಾಡಿಬಿಡ್ತಾರೆ. ಹಾಡು ಗೊತ್ತಿರೋ ಮನೆಯವರಿಗೆ ಸುದ್ದಿಯೇ ಇರೋದಿಲ್ಲ. ಅದಕ್ಕೇ ತಿದ್ದುಪಡಿಯನ್ನು ನೇರ ಸೇರಿಸದೆ ಪುಲ್ ರಿಕ್ವೆಸ್ಟ್ ಆಗಿ ಇಡಬೇಕು, ಅದು ಮೇಲ್ ಆಗಿ ಅವರ ಫೋನಿಗೆ ಮುಟ್ಟಬೇಕು.

ಹೋಗುವ ಮೇಲ್ ಸುಲಭ. ಗಿಟೀ ಸಂರಚನಾ ಕಡತದ 'ಮೇಲರ್' ಭಾಗದಲ್ಲಿ ಎಸ್‌ಎಂಟಿಪಿ ಸರ್ವರ್ ವಿಳಾಸ, ಪೋರ್ಟ್, ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟರಾಯ್ತು. ಪೋರ್ಟ್ 587 ಆದರೆ ಸ್ಟಾರ್ಟ್‌ಟಿಎಲ್‌ಎಸ್, 465 ಆದರೆ ಮೊದಲಿಂದಲೇ ಟಿಎಲ್‌ಎಸ್. ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್ ದಾಖಲೆ ಸೇರಿಸದಿದ್ರೆ ಪತ್ರ ಸ್ಪ್ಯಾಮ್‌ಗೆ ಬೀಳೋ ಸಂಭವ ಹೆಚ್ಚು.

ನಿಜವಾದ ಲಾಭ ಬರುವ ಮೇಲ್‌ನಲ್ಲಿದೆ. 2023ರಲ್ಲಿ ಬಂದ ಗಿಟೀ 1.19ರಿಂದ ಮೇಲ್‌ಗೆ ಕೊಟ್ಟ ಉತ್ತರವೇ ಚರ್ಚೆಯಲ್ಲಿ ಟಿಪ್ಪಣಿಯಾಗುತ್ತೆ. ಗಿಟೀ ಒಂದು ಅಂಚೆಪೆಟ್ಟಿಗೆಯನ್ನು ಐಮ್ಯಾಪ್ ಮೂಲಕ, ಸಾಮಾನ್ಯವಾಗಿ ಪೋರ್ಟ್ 993ರಲ್ಲಿ, ನೋಡ್ತಾ ಇರುತ್ತೆ. ಪ್ರತಿ ಮೇಲ್‌ನ ಉತ್ತರದ ವಿಳಾಸದಲ್ಲಿ ಪ್ಲಸ್ ಚಿಹ್ನೆಯ ಮುಂದೆ ಒಂದು ಟೋಕನ್ ಇರುತ್ತೆ; ಯಾವ ಚರ್ಚೆ, ಯಾರ ಖಾತೆ ಅನ್ನೋದು ಅದರಿಂದ ತಿಳಿಯುತ್ತೆ. ಖಾತೆ ಒಂದ್ಸಲ ನಾವೇ ತೆರೆದುಕೊಟ್ಟರೆ ಸಾಕು, ಅಜ್ಜಿ ಲಾಗಿನ್ ಆಗಬೇಕಾಗಿಲ್ಲ. ಆದ್ರೆ ಅಜ್ಜಿಯ ಫೋನಿನಿಂದ ಮೊಮ್ಮಗ ಉತ್ತರಿಸಿದರೂ ದಾಖಲೆಗೆ ಬೀಳೋದು ಅಜ್ಜಿಯ ಹೆಸರೇ. ಹೇಳಿದವರು ಯಾರು, ಬರೆದವರು ಯಾರು ಅಂತ ಉತ್ತರದೊಳಗೇ ಬರೆಸಿಕೊಳ್ಳಿ.

ಇನ್ನು ಲಿಪಿ. ಮೇಲ್ ಯುಟಿಎಫ್-8ನಲ್ಲಿದ್ರೆ ಬಾಳಬೋಧವೂ ಕೆಡದೆ ಬರುತ್ತೆ. ಅದನ್ನು ಕನ್ನಡ ಲಿಪಿಗೆ ತಿರುಗಿಸುವ ಕೆಲಸ ಮಾತ್ರ ಯಂತ್ರಕ್ಕೆ ಬಿಡಬೇಡಿ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಬೇರೆಯಾಗಿಲ್ಲ. 'ಕೊಡು', 'ಕೋಡು' ಎರಡೂ ಒಂದೇ ಥರ ಕಾಣ್ತವೆ. ಬಂದ ಉತ್ತರವನ್ನು ಹಾಗೇ ಇಟ್ಟು, ಅನುಮಾನ ಇದ್ದಲ್ಲಿ ಫೋನ್ ಮಾಡಿ ಹಾಡಿಸಿ ಕೇಳಿ, ಆಮೇಲೆ ಪಾಠ ಒಪ್ಪಬೇಕು.