ಖಾತೆ ಇದ್ದರೆ ಮನೆ ನಮ್ಮದೇ?

ನಮ್ಮ ಸೋದರಮಾವನ ಹತ್ತಿರ ಒಂದು ತಗಡಿನ ಟ್ರಂಕಿತ್ತು. ಮನೆ ಪತ್ರ ತೋರಿಸಿ ಎಂದರೆ ಅದರಿಂದ ನಲವತ್ತು ವರ್ಷದ ಕಂದಾಯ ರಸೀದಿಗಳ ಕಟ್ಟು ತೆಗೆದು ಮುಂದಿಡುತ್ತಿದ್ದರು. ಒಂದು ವರ್ಷದ್ದೂ ತಪ್ಪಿರಲಿಲ್ಲ. ಕ್ರಯಪತ್ರ ಎಲ್ಲಿ ಎಂದು ಕೇಳಿದರೆ ಮಾತ್ರ, ‘ಖಾತೆ ನನ್ನ ಹೆಸರಲ್ಲೇ ಇದೆಯಲ್ಲಯ್ಯ, ಇನ್ನೇನು ಬೇಕು?’ ಎನ್ನುವರು. ಕರ್ನಾಟಕದಲ್ಲಿ ಆಸ್ತಿ ಇರುವ ಅರ್ಧ ಜನ ಇದೇ ಮಾತು ಹೇಳುತ್ತಾರೆ ಎಂಬುದು ನನ್ನ ಅಂದಾಜು.

ಖಾತೆ ಎಂದರೆ ಲೆಕ್ಕ, ಅಷ್ಟೇ. ಈ ಸ್ವತ್ತಿನ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ನಗರಸಭೆಯೋ ಪಂಚಾಯಿತಿಯೋ ಬರೆದಿಟ್ಟುಕೊಂಡ ಲೆಕ್ಕ. ಹಳ್ಳಿಯ ಪಹಣಿಯೂ ಬಹುಮಟ್ಟಿಗೆ ಹಾಗೆಯೇ. ತಪ್ಪೆಂದು ಯಾರಾದರೂ ಸಾಬೀತು ಮಾಡುವವರೆಗೆ ಸರಿ ಎಂದು ನಂಬುವ ದಾಖಲೆ ಅದು. ಕಂದಾಯ ದಾಖಲೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಲ್ಲ, ಹಲವು ಸಲ ಹೇಳಿದೆ. ಒಡೆತನ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಅಥವಾ ಉತ್ತರಾಧಿಕಾರದಿಂದ. ಬೆಂಗಳೂರಿನ ಬಿ ಖಾತೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಬಡಾವಣೆಗೆ ಅನುಮೋದನೆ ಇಲ್ಲದ, ನಕ್ಷೆ ಮಂಜೂರಾಗದ ಸ್ವತ್ತುಗಳಿಂದಲೂ ತೆರಿಗೆ ಬರಲಿ ಎಂದು ತೆರೆದ ಬೇರೆ ವಹಿ ಅದು. ತೆರಿಗೆ ಕಟ್ಟಿಸಿಕೊಂಡರು ಎಂದಾಕ್ಷಣ ಸಕ್ರಮ ಮಾಡಿದರು ಎಂದಲ್ಲ.

ಹಾಗೆಂದು ಖಾತೆಯನ್ನು ಅಸಡ್ಡೆ ಮಾಡುವಂತಿಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಖಾತೆ ಅವರ ಹೆಸರಲ್ಲೇ ಇದ್ದರೆ, ಮಾರುವ ತುರ್ತು ಬಂದ ದಿನವೇ ಓಡಾಟ ಶುರು. ಅದನ್ನು ಈಗಲೇ ಬದಲಿಸಿಕೊಳ್ಳಿ. ಹೆಸರಿನ ಕಾಗುಣಿತ, ಅಳತೆ, ಚೆಕ್ಕುಬಂದಿ ಎಲ್ಲವೂ ಕ್ರಯಪತ್ರಕ್ಕೆ ತಾಳೆಯಾಗುತ್ತವೆಯೇ ನೋಡಿಕೊಳ್ಳಿ.

‘ರಿಜಿಸ್ಟರ್ ಆಗಿದೆ, ಇಸಿಯೂ ಕ್ಲೀನಾಗಿದೆ’

ಎರಡನೆಯ ನಂಬಿಕೆ ಇದು. ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಓದಿದವರೂ ಇದಕ್ಕೆ ಬೀಳುತ್ತಾರೆ. ನಮ್ಮಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಮಾಲೀಕತ್ವವಲ್ಲ. ಮಾರುವವನಿಗೆ ನಿಜಕ್ಕೂ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. 1908ರ ನೋಂದಣಿ ಕಾಯ್ದೆ ಅವರಿಗೆ ಆ ಅಧಿಕಾರ ಕೊಟ್ಟೇ ಇಲ್ಲ. ಇನ್ನು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ‘ಕೊಂಡ’ ಸೈಟಿನ ಮಾತು ಬಿಡಿ. ಅದರಿಂದ ಒಡೆತನ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ.

ಇಸಿ, ಅಂದರೆ ಋಣಭಾರ ಪತ್ರ ಹೇಳುವುದು ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ನೋಂದಣಿ ಮಾಡಿಸದ ಕ್ರಯದ ಕರಾರು ಅದರಲ್ಲಿ ಕಾಣದು. ಉಯಿಲು ನೋಂದಣಿಯಾಗಿದ್ದರೂ ಬೇರೆ ಪುಸ್ತಕದಲ್ಲಿರುವುದರಿಂದ ಕಾಣದು. ನ್ಯಾಯಾಲಯದಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಮೂಲಪತ್ರ ಒತ್ತೆಯಿಟ್ಟು ಬರೀ ಬಾಯಿಮಾತಿನಲ್ಲಿ ತಂದ ಸಾಲ, ಇವೂ ಕಾಣವು. ಬ್ಯಾಂಕ್ ಸಾಲದ ಸುಳಿವಿಗೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಹುಡುಕಬಹುದು. ಕೊಳ್ಳುವವರಲ್ಲಿ ಹಾಗೆ ಹುಡುಕಿದವರನ್ನು ನಾನು ಕಂಡಿರುವುದು ತೀರ ಕಡಿಮೆ.

ಹೆಚ್ಚಿನ ತಕರಾರು ಬರುವುದು ಮನೆಯ ಹೆಣ್ಣುಮಕ್ಕಳನ್ನು ಮರೆತಾಗ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆ ವೇಳೆಗೆ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ‘ಅಕ್ಕನಿಗೆ ಮದುವೇಲಿ ಕೊಟ್ಟಾಗಿದೆ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪತ್ರದಲ್ಲಿ ಅಕ್ಕನ ಸಹಿ ಇರಬೇಕು. ಕೊಳ್ಳುವವರು ಬ್ರೋಕರ್ ಕೊಡುವ ಜೆರಾಕ್ಸ್ ಕಟ್ಟಿಗಿಂತ ಮೊದಲು ವಂಶವೃಕ್ಷ ಕೇಳಬೇಕು.

‘ಭೂಮಿಯ ಬೆಲೆ ಇಳಿಯೋದೇ ಇಲ್ಲ’

2005ರಲ್ಲಿ 10 ಲಕ್ಷಕ್ಕೆ ಕೊಂಡ ಸೈಟು 2025ರಲ್ಲಿ 60 ಲಕ್ಷಕ್ಕೆ ಹೋಯಿತು ಎನ್ನೋಣ. ಆರು ಪಟ್ಟು! ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಚೆಂದ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 9.4ರ ಚಕ್ರಬಡ್ಡಿ. ಅದೇ ಹತ್ತು ಲಕ್ಷ ಶೇ 8ರ ಬಡ್ಡಿಯಲ್ಲಿ ತೆಪ್ಪಗೆ ಕುಳಿತಿದ್ದರೂ 46 ಲಕ್ಷ ದಾಟುತ್ತಿತ್ತು. ಸೈಟಿನ ಗಳಿಕೆಯಿಂದ ನೋಂದಣಿ ಖರ್ಚು, ಇಪ್ಪತ್ತು ವರ್ಷದ ಕಂದಾಯ, ಗಿಡಗಂಟಿ ತೆಗೆಸಿದ ಕೂಲಿ, ಬೇಲಿ, ಕೊನೆಗೆ ದಲ್ಲಾಳಿ ಕಮಿಷನ್ ಕಳೆಯಿರಿ. ನಷ್ಟವಾಯಿತು ಎನ್ನುತ್ತಿಲ್ಲ, ಪವಾಡವೇನೂ ಆಗಲಿಲ್ಲ ಎನ್ನುತ್ತಿದ್ದೇನೆ. 2016ರ ನೋಟು ರದ್ದತಿಯ ನಂತರ ಕೆಲವು ವರ್ಷ ದೇಶದ ಹಲವು ನಗರಗಳಲ್ಲಿ ಮನೆಗಳ ಬೆಲೆ ದಿನಸಿಯ ಬೆಲೆಯಷ್ಟೂ ಏರಲಿಲ್ಲ. ಕಾಗದದ ಮೇಲೆ ಬೆಲೆ ಇಳಿಯದಿದ್ದರೂ ಕೊಳ್ಳುವವರೇ ಸಿಗದ ಆ ದಿನಗಳು ಮಾರಲು ಹೊರಟವರಿಗೆ ನೆನಪಿರುತ್ತವೆ.

‘ಮೆಟ್ರೊ ಬರುತ್ತೆ, ರಿಂಗ್ ರೋಡ್ ಬರುತ್ತೆ’ ಎಂಬ ಮಾತಿಗೂ ಇದೇ ಅನ್ವಯ. ಬರುವ ಸುದ್ದಿಗೇ ಬೆಲೆ ಏರಿರುತ್ತದೆ. ತಡವಾಗಿ ಕೊಂಡವರು ಕಾಯುತ್ತಾರೆ. ಬೆಂಗಳೂರಿನ ಆರ್.ವಿ. ರಸ್ತೆ–ಬೊಮ್ಮಸಂದ್ರ ಮೆಟ್ರೊ ಮಾರ್ಗ ಗಡುವಿನ ಮೇಲೆ ಗಡುವು ದಾಟಿ 2025ರ ಆಗಸ್ಟ್‌ನಲ್ಲಿ ಓಡಿತು. ಪೆರಿಫೆರಲ್ ವರ್ತುಲ ರಸ್ತೆಯ ಕಥೆ ಇನ್ನೂ ಕಹಿ. ಸುಮಾರು ಎರಡು ದಶಕ ಅದು ಅಧಿಸೂಚನೆಯಲ್ಲೇ ಉಳಿಯಿತು, ಅದರ ಜಾಡಿನಲ್ಲಿದ್ದ ಜಮೀನಿನವರು ಮಾರಲೂ ಆಗದೆ ಕಟ್ಟಲೂ ಆಗದೆ ಕುಳಿತರು. ರಸ್ತೆ ನಿಮ್ಮ ಸೈಟಿನ ಪಕ್ಕ ಬರುತ್ತದೋ ಸೈಟಿನ ಮೇಲೇ ಬರುತ್ತದೋ ಎಂದು ಮೊದಲು ತಿಳಿಯಿರಿ.

‘ಪತ್ರದಲ್ಲಿ ಕಮ್ಮಿ ಬರೆಸಿದ್ರೆ ಉಳಿತಾಯ’

ಇದಕ್ಕೂ ಲೆಕ್ಕವೇ ಉತ್ತರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿ, ನಗರಗಳಲ್ಲಿ ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಒಟ್ಟು ಶೇ 7.6 ಆಗಿದೆ. ಇಪ್ಪತ್ತು ಲಕ್ಷ ಮುಚ್ಚಿಟ್ಟರೆ ಕೊಳ್ಳುವವರಿಗೆ ಉಳಿಯುವುದು 1.52 ಲಕ್ಷ. ಮುಂದೆ ಅವರೇ ಮಾರುವಾಗ ಆ ಇಪ್ಪತ್ತು ಲಕ್ಷವೂ ಲಾಭವೆಂದು ಎಣಿಕೆಯಾಗಿ, ಈಗಿನ ಶೇ 12.5ರ ದರದಲ್ಲೇ 2.5 ಲಕ್ಷ ತೆರಿಗೆ, ಮೇಲೆ ಸೆಸ್ಸು. ಮಾರುವವರಿಗೆ ಬೇರೆಯೇ ಕುಣಿಕೆ ಇದೆ: ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

‘ಹನ್ನೆರಡು ವರ್ಷ ಇದ್ರೆ ಬಾಡಿಗೆಯವನೇ ಮಾಲೀಕ’

ಈ ಹೆದರಿಕೆಯಿಂದಲೇ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ಹನ್ನೆರಡು ವರ್ಷದ ಮಾತು 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು ನಿಜ, ಆದರೆ ಅದು ಮಾಲೀಕನ ಹಕ್ಕನ್ನು ಧಿಕ್ಕರಿಸಿ ರಾಜಾರೋಷವಾಗಿ ಕುಳಿತವನ ಸ್ವಾಧೀನಕ್ಕೆ. ಬಾಡಿಗೆಯವರು, ಭೋಗ್ಯದವರು ನಿಮ್ಮ ಒಪ್ಪಿಗೆಯಿಂದ ಇರುವವರು. ಬಾಡಿಗೆ ಕೊಡುತ್ತಾ, ನಿಮ್ಮನ್ನು ಮಾಲೀಕರೆಂದು ಒಪ್ಪಿಕೊಂಡು ಮೂವತ್ತು ವರ್ಷ ಇದ್ದರೂ ಮನೆ ಅವರದಾಗದು. ಹನ್ನೊಂದು ತಿಂಗಳ ಕರಾರಿಗೂ ಇದಕ್ಕೂ ಸಂಬಂಧವಿಲ್ಲ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಆ ಖರ್ಚು ತಪ್ಪಿಸಲು ಹುಟ್ಟಿದ ರೂಢಿ ಅದು. ಕರಾರು ನವೀಕರಿಸಿ, ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆಯಿರಿ, ಸಾಕು.

ಹನ್ನೆರಡು ವರ್ಷದ ಗಡಿಯಾರ ನಿಜಕ್ಕೂ ಓಡಬಹುದಾದದ್ದು ಯಾರೂ ಕಾಲಿಡದ ಖಾಲಿ ಸೈಟಿನಲ್ಲಿ. ಪಕ್ಕದವರ ಕಾಂಪೌಂಡು ಮೂರಡಿ ಒಳಗೆ ಬಂದಿದ್ದು ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಾಲೀಕನಿಗೆ ಗೊತ್ತೇ ಇರುವುದಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಸರ್ವೆಯವರಿಂದ ಅಳತೆ ಹಿಡಿಸಿ, ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ, ತಾರೀಖು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.