ಮನೆಯಿಂದ ಹೊರಟ ಕ್ಯಾಮೆರಾ

ಫೋರ್ಟ್ ಎಂದರೆ ಮುಂಬಯಿ ಕನ್ನಡಿಗರಾದ ನಮಗೆ ಪರಸ್ಥಳವಲ್ಲ. ನಮ್ಮ ಹಿರಿಯರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ವಿದ್ಯೆ ಗಳಿಸಿದ್ದು ಇಲ್ಲಿಯೇ. ಇದೇ ಫೋರ್ಟಿನ ಚೆಮೌಲ್ಡ್ ಪ್ರೆಸ್ಕಾಟ್ ರೋಡ್ ಕಲಾಮಂದಿರದಲ್ಲಿ 2017ರಲ್ಲಿ ಒಂದು ಛಾಯಾಚಿತ್ರ ಪ್ರದರ್ಶನ ಏರ್ಪಟ್ಟಿತ್ತು. ಅಲ್ಲಿದ್ದುದು 1977ರಿಂದ ಮೊದಲುಗೊಂಡು ನಾಲ್ವತ್ತು ವರ್ಷಗಳ ಮುಂಬಯಿ. ತೆಗೆದವರು ಶ್ರೀಮತಿ ಸೂನಿ ತಾರಾಪೊರೆವಾಲಾ.

1957ರಲ್ಲಿ ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದ ಈಕೆ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಜೊತೆಯಲ್ಲಿದ್ದ ಗೆಳತಿಯಿಂದ ಸಾಲ ತೆಗೆದು ಮೊದಲ ಕ್ಯಾಮೆರಾ ಕೊಂಡರು. ಊರಿಗೆ ಬಂದಾಗ ಅದರಿಂದ ಸೆರೆಹಿಡಿದದ್ದು ತಮ್ಮ ಮನೆಮಂದಿಯನ್ನು, ಬಂಧುಬಳಗವನ್ನು. ಖ್ಯಾತ ಛಾಯಾಚಿತ್ರಕಾರ ರಘುವೀರ ಸಿಂಗ್ ಅವರು ಇವನ್ನು ಗ್ರಂಥವಾಗಿಸಿರೆಂದು ಹುರಿದುಂಬಿಸಿದರು. ಪಾರ್ಸಿಗಳ ಆ ಚಿತ್ರಗ್ರಂಥ 2000ದಲ್ಲಿ ಹೊರಬಂತು. 2001ರ ಜನಗಣತಿಯಲ್ಲಿ 69,601 ಇದ್ದ ಭಾರತದ ಪಾರ್ಸಿಗಳು 2011ರಲ್ಲಿ 57,264ಕ್ಕೆ ಇಳಿದರೆಂಬುದನ್ನು ನೆನೆದರೆ ಆ ಗ್ರಂಥದ ಬೆಲೆ ತಿಳಿದೀತು.

ನೋಡುವ ಈ ಅಭ್ಯಾಸವೇ ಅವರನ್ನು ಚಲಚ್ಚಿತ್ರಕ್ಕೆ ಕರೆದೊಯ್ದಿತು. ಹಾರ್ವರ್ಡಿನ ಗೆಳತಿ ಮೀರಾ ನಾಯರ್ ನಿರ್ದೇಶಿಸಿದ ‘ಸಲಾಮ್ ಬಾಂಬೆ’ಗೆ (1988) ಚಿತ್ರಕಥೆ ಬರೆದರು. ಬೀದಿಯ ಮಕ್ಕಳೇ ನಟಿಸಿದ ಆ ಚಿತ್ರ ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಯವರೆಗೂ ಹೋಯಿತು. ಬಹುಕಾಲ ಇತರರಿಗೆ ಬರೆದುಕೊಟ್ಟು, ಐವತ್ತರ ವಯಸ್ಸಿನಲ್ಲಿ ತಾವೇ ನಿರ್ದೇಶಕಿಯಾದರು. ಪಾರ್ಸಿ ಜೀವನವನ್ನು ಕುರಿತ ‘ಲಿಟ್ಲ್ ಜಿಜೂ’ (2008) ಚಿತ್ರದಲ್ಲಿ ಅವರ ಮಕ್ಕಳಿಬ್ಬರೂ ನಟಿಸಿದರು. 2014ರಲ್ಲಿ ಪದ್ಮಶ್ರೀ ಬಂತು. ಮುಂಬಯಿಯ ಬಡಕುಟುಂಬಗಳ ಹುಡುಗರಿಬ್ಬರು ಬ್ಯಾಲೆ ನೃತ್ಯ ಕಲಿತ ನಿಜಕಥೆಯನ್ನು ಮೊದಲು ಕಿರು ಸಾಕ್ಷ್ಯಚಿತ್ರವಾಗಿಯೂ, ಅನಂತರ 2020ರಲ್ಲಿ ‘ಯೇ ಬ್ಯಾಲೆ’ ಎಂಬ ಪೂರ್ಣಚಿತ್ರವಾಗಿಯೂ ತೆರೆಗೆ ತಂದರು. ಆ ಹುಡುಗರಲ್ಲಿ ಒಬ್ಬನಾದ ಮನೀಶ ಚೌಹಾನ್ ತನ್ನ ಪಾತ್ರವನ್ನು ತಾನೇ ವಹಿಸಿದ.

ಇದನ್ನೆಲ್ಲ ಬರೆಯುವಾಗ ನಮ್ಮ ಮನೆಗಳ ಗೋಡೆ ಕಣ್ಣಮುಂದೆ ಬರುತ್ತದೆ. ಅಲ್ಲಿ ತಂದೆಯ ಮದುವೆಯ ಪಟವಿದೆ, ಹಾರ ಹಾಕಿದ ಪಟವಿದೆ. ನಡುವಣ ನಾಲ್ವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ, ಕಾವಲಿಯ ಮುಂದೆ ಬೆವರಿದ, ರಾತ್ರಿಶಾಲೆಯಲ್ಲಿ ತೂಕಡಿಸಿದ ತಂದೆಯ ಪಟ ಒಂದೂ ಇಲ್ಲ. ದುಡಿಮೆಯೂ ಚಿತ್ರಕ್ಕೆ ಯೋಗ್ಯವೆಂದು ನಮಗಾರಿಗೂ ತೋಚಲಿಲ್ಲ. ಈಗ ಸಾಲ ಮಾಡಬೇಕಿಲ್ಲ. ಕ್ಯಾಮೆರಾ ಪ್ರತಿಯೊಬ್ಬರ ಕಿಸೆಯಲ್ಲಿದೆ. ಮನೆಯಲ್ಲಿ ಹಿರಿಯರಿನ್ನೂ ಇರುವ ಭಾಗ್ಯವಂತರು ಇಂದೇ ಅವರೆದುರು ಒಂದು ಗಳಿಗೆ ಕುಳಿತುಕೊಳ್ಳಲಿ.